ಬೇರೆ ಭಾಷೆ, ಬೇರೆ ಜಾತಿ, ಬೇರೆ ದೇವರು: ಮಾತು ಎಲ್ಲಿಂದ ಶುರು ಮಾಡಬೇಕು?

ಪಕ್ಕದ ಮನೆಗೆ ಹೊಸಬರು ಬಂದಿದ್ದಾರೆ. ಅವರ ಭಾಷೆ ಬೇರೆ, ಇಲ್ಲಾಂದ್ರೆ ಧರ್ಮ ಬೇರೆ, ಇಲ್ಲಾಂದ್ರೆ ಕನ್ನಡದವರೇ ಆದರೂ ಜಾತಿ ಬೇರೆ ಅಂತ ಹೇಗೋ ಕಿವಿಗೆ ಬಿದ್ದಿದೆ. ಮೆಟ್ಟಿಲ ಮೇಲೆ ಸಿಗುತ್ತಾರೆ, ನಗುತ್ತಾರೆ, ನಾವೂ ನಗುತ್ತೇವೆ. ವರ್ಷ ಕಳೆದರೂ ಅದು ನಗುವಿನಲ್ಲೇ ಉಳಿಯುತ್ತದೆ. ಯಾರ ಮನಸ್ಸಲ್ಲೂ ಕೆಟ್ಟದ್ದೇನೂ ಇಲ್ಲ, ಏನು ಮಾತಾಡಬೇಕು ಅಂತ ಇಬ್ಬರಿಗೂ ತೋಚುವುದಿಲ್ಲ, ಅಷ್ಟೇ.

ಅಂಥವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಧಾರವಾಡದ ಕಡೆಯವಳು, ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿದ್ದಾರೆ, ಮನೆಯಲ್ಲಿ ತಮಿಳು ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ, ನೇಪಾಳದಿಂದ ಬಂದು ಸೆಕ್ಯುರಿಟಿ ಕೆಲಸ ಮಾಡುವವರಿದ್ದಾರೆ. ಮಗು ಶಾಲೆಗೆ ಬರುವುದು ನಿಲ್ಲಿಸಿದರೆ ನಾವು ಮನೆ ಹುಡುಕಿಕೊಂಡು ಹೋಗಬೇಕು. ಹಾಗಾಗಿ ಗುರುತಿಲ್ಲದವರ ಬಾಗಿಲಲ್ಲಿ ನಿಂತು ಮೊದಲ ಮಾತು ಆಡುವುದು ನನ್ನ ಕೆಲಸದಲ್ಲೇ ಸೇರಿದೆ. ಯಾವ ಮಾತಿಗೆ ಜನ ಒಳಗೆ ಕರೆಯುತ್ತಾರೆ, ಯಾವ ಮಾತಿಗೆ ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸುತ್ತಾರೆ ಅಂತ ನೋಡುತ್ತಾ ಬಂದಿದ್ದೇನೆ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೌಹಾರ್ದ, ಭಾವೈಕ್ಯ ಅನ್ನುವ ಪದಗಳು ಸಭೆಗೆ ಚೆಂದ. ಮನೆ ಬಾಗಿಲಲ್ಲಿ ಜನರನ್ನು ಹತ್ತಿರ ತರುವ ಮಾತುಗಳು ಮಾತ್ರ ಬಹುಪಾಲು ಕೇಳುವ ಮಾತುಗಳೇ. ನೀರು ಕೇಳುವುದು, ಊರು ಕೇಳುವುದು, ಊಟ ಆಯ್ತಾ ಅಂತ ಕೇಳುವುದು, ನಿಮ್ಮ ಭಾಷೆಯ ಒಂದು ಪದ ಹೇಳಿಕೊಡಿ ಅಂತ ಕೇಳುವುದು, ಕೊನೆಗೆ ತಪ್ಪಾಯ್ತು ಅಂತ ಕ್ಷಮೆ ಕೇಳುವುದು. ಕೊಡುವವರ ಕೈ ಯಾವಾಗಲೂ ಮೇಲಿರುತ್ತದೆ. ನಾವು ಏನಾದರೂ ಕೇಳಿದಾಗ ಆ ಮೇಲಿನ ಜಾಗ ಎದುರಿನವರಿಗೆ ಸಿಗುತ್ತದೆ. ಜಾತಿ, ಹಣ, ಭಾಷೆ ಯಾವುದರಲ್ಲಾದರೂ ನಮಗಿಂತ ಕೆಳಗಿದ್ದೇವೆ ಅಂತ ಅವರಿಗೆ ಅನ್ನಿಸುವಂತೆ ಊರು ಮಾಡಿಟ್ಟಿದ್ದರೆ ಇದು ಇನ್ನೂ ಜಾಸ್ತಿ ಮುಖ್ಯ.

ಕರೆಯುವುದು ಹೇಗೆ

ಮೊದಲು ಹೆಸರು ಕೇಳಿ. ಇದು ಹೇಳುವಂಥ ವಿಷಯವೇ ಅಲ್ಲ ಅನ್ನಿಸಬಹುದು, ಆದರೆ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ನೇಪಾಳದ ಸೆಕ್ಯುರಿಟಿಯವರಿಗೆಲ್ಲ ಒಂದೇ ಹೆಸರು, ಬಹದ್ದೂರ್. ಗೇಟಿನಲ್ಲಿ ಹಗಲು ರಾತ್ರಿ ನಿಲ್ಲುವ ಮನುಷ್ಯನ ನಿಜವಾದ ಹೆಸರು ಆ ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. "ನಿಮ್ಮ ಹೆಸರೇನು?" ಅಂತ ಕೇಳಿ, ಮರುದಿನ ಆ ಹೆಸರು ಹಿಡಿದು ಮಾತಾಡಿಸಿ. ಮರೆತರೆ ಇನ್ನೊಮ್ಮೆ ಕೇಳಿ, ತಪ್ಪೇನಿಲ್ಲ.

ಆಮೇಲೆ ನೀನು, ನೀವು. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ. ಮನೆ ಕೆಲಸಕ್ಕೆ ಬರುವ ಐವತ್ತು ದಾಟಿದ ಹೆಂಗಸನ್ನು ಹತ್ತು ವರ್ಷದ ಹುಡುಗ "ಬಾ, ಇಲ್ಲಿ ಗುಡಿಸು" ಅಂದರೆ ಅದು ಆ ಹುಡುಗನ ಮಾತು ಅಲ್ಲ, ಮನೆಯವರಿಂದ ಕಲಿತದ್ದು. ಹಳ್ಳಿಗಳಲ್ಲಿ ಯಾರಿಗೆ ಬಹುವಚನ, ಯಾರಿಗೆ ಏಕವಚನ ಅನ್ನುವುದನ್ನು ವಯಸ್ಸಲ್ಲ, ಜಾತಿಯೇ ತೀರ್ಮಾನ ಮಾಡುತ್ತಿತ್ತು. ಈಗಲೂ ಅಲ್ಲಲ್ಲಿ ಮಾಡುತ್ತದೆ. ಆದ್ದರಿಂದ ನಿಯಮ ಒಂದೇ: ಗುರುತಿಲ್ಲದ ದೊಡ್ಡವರು ಯಾರೇ ಆಗಲಿ, ನೀವು. ಕಸದ ಗಾಡಿ ತರುವವರಿಗೂ ನೀವು. ಸಲಿಗೆ ಬೆಳೆದ ಮೇಲೆ ಅವರಾಗಿ "ನನಗೇನ್ ನೀವು ಅಂತೀರಿ, ನಿಮ್ಮ ತಂಗಿ ಇದ್ದಂಗೆ" ಅಂದರೆ ಆಗ ಬಿಡಿ. ಅಮ್ಮನನ್ನೂ ದೇವರನ್ನೂ ನಾವು ನೀನು ಅಂತಲೇ ಕರೆಯುತ್ತೇವೆ ನಿಜ, ಆದರೆ ಅದು ಪ್ರೀತಿಯ ನೀನು. ಅದನ್ನು ಕೊಡುವ ಹಕ್ಕು ಎದುರಿನವರಿಗೆ ಬಿಟ್ಟದ್ದು.

ಕಸದ ಗಾಡಿಯವರ ಮಾತು ಬಂತಲ್ಲ, ಒಂದು ವಿಷಯ ನೆನಪಿಡಿ. ಪೌರಕಾರ್ಮಿಕ ಅನ್ನುವ ಪದ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಮೊದಲು ಊರು ಗುಡಿಸುವವರನ್ನು ಕರೆಯುತ್ತಿದ್ದ ಹೆಸರುಗಳಲ್ಲಿ ಹಲವು ಜಾತಿಯನ್ನೇ ಎತ್ತಿ ಹೇಳುತ್ತಿದ್ದವು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಪದವೂ ಅದೇ ಕಾಲದ ಹೋರಾಟದ ಜೊತೆ ಬದಲಾಯಿತು. ಹಾಗಾಗಿ "ಕಸದವನು ಬಂದ" ಅನ್ನುವ ಬದಲು "ಪೌರಕಾರ್ಮಿಕರು ಬಂದರು" ಅಂತ ಮಕ್ಕಳ ಎದುರು ಹೇಳಿ. ಎದುರಿಗೆ ಸಿಕ್ಕಾಗ ಅಣ್ಣ, ಅಕ್ಕ ಸಾಕು.

ಅಣ್ಣ, ಅಕ್ಕ, ಅಮ್ಮ, ಕಾಕಾ ಇವು ಎಲ್ಲರಿಗೂ ನಡೆಯುತ್ತವೆ. ನಮ್ಮ ಕಡೆ ಹಳ್ಳಿಗಳಲ್ಲಿ ಹಿಂದೂ ಮನೆ ಮಕ್ಕಳು ಓಣಿಯ ಮುಸ್ಲಿಮರನ್ನು ಹೆಸರಿನ ಜೊತೆ ಕಾಕಾ, ಮಾಮಾ ಸೇರಿಸಿ ಕರೆಯುತ್ತಾರೆ, ಅವರ ಮಕ್ಕಳು ನಮ್ಮವರನ್ನು ಹಾಗೇ ಕರೆಯುತ್ತಾರೆ. ಪಟ್ಟಣಕ್ಕೆ ಬಂದ ಮೇಲೆ ಅದು "ಸಾಬ್ರೇ" ಆಗಿಬಿಡುತ್ತದೆ. ಹಳಬರು ಅದನ್ನು ಮರ್ಯಾದೆಯಿಂದಲೇ ಅನ್ನುತ್ತಾರೆ, ಒಪ್ಪುತ್ತೇನೆ. ಆದರೆ ಧರ್ಮವನ್ನೇ ಹೆಸರು ಮಾಡಿ ಕರೆದರೆ ಈಗಿನ ಹುಡುಗರಿಗೆ ಹಿತ ಅನ್ನಿಸುವುದಿಲ್ಲ. ಹಣ್ಣಿನ ಗಾಡಿಯವರು ಮುಸ್ಲಿಮರಾದರೂ ಅಣ್ಣ ಅಂದರೆ ಸಾಕಲ್ವಾ? ಸಿಗ್ನಲ್‌ನಲ್ಲಿ ಕಾರಿನ ಕಿಟಕಿ ಹತ್ತಿರ ಬರುವ ಮಂಗಳಮುಖಿಯರಿಗೂ ಅಷ್ಟೇ, ಅಕ್ಕ. ದುಡ್ಡು ಕೊಡುವುದು ಬಿಡುವುದು ನಿಮ್ಮಿಷ್ಟ, ಗಾಜು ಏರಿಸದೆ "ಇವತ್ತು ಇಲ್ಲ ಅಕ್ಕ" ಅಂದು ನೋಡಿ.

ಊರು ಕೇಳಿ, ಅಲ್ಲಿಗೆ ನಿಲ್ಲಿಸಿ

"ಯಾವ ಊರು ನಿಮ್ದು?" ಒಳ್ಳೆಯ ಪ್ರಶ್ನೆ. ಊರಿನ ಹೆಸರು ಬಂದ ಮೇಲೆ ಮಾತಿಗೆ ಎಷ್ಟೊಂದು ದಾರಿ ಇದೆ: ಮಳೆ ಹೇಗೆ, ಏನು ಬೆಳೀತಾರೆ, ಜಾತ್ರೆ ಯಾವಾಗ, ಬಸ್ಸು ನೇರ ಇದೆಯಾ. ಆದರೆ ನಮ್ಮಲ್ಲಿ ಬಹಳ ಜನ ಊರು ಕೇಳುವುದೇ ಮುಂದಿನ ಪ್ರಶ್ನೆಗೆ. "ಅಲ್ಲಿ ಯಾವ ಕಡೆ ಮನೆ? ಅಪ್ಪನ ಹೆಸರೇನು? ಅಡ್ಡಹೆಸರು? ನಮ್ಮವರಾ?" ಕೊನೆಗೆ "ನೀವು ವೆಜ್ಜಾ?" ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಸಾಲು ಗೊತ್ತು. ಕೇಳುವವರಿಗೆ ಅದು ಸಹಜ ಕುತೂಹಲ ಅನ್ನಿಸುತ್ತದೆ. ಉತ್ತರ ಕೊಡುವವರಿಗೆ ಪ್ರತಿ ಪ್ರಶ್ನೆಗೂ ಎದೆ ಡವಗುಟ್ಟುತ್ತದೆ, ಯಾಕೆಂದರೆ ಉತ್ತರ ಕೇಳಿದ ಮೇಲೆ ಎದುರಿನವರ ಮುಖ ಬದಲಾಗಿದ್ದನ್ನು ಅವರು ಮೊದಲು ನೋಡಿರುತ್ತಾರೆ.

ಅಡುಗೆ ವಿಷಯ ನಿಜವಾಗಿಯೂ ತಿಳಿಯಬೇಕಿದ್ದರೆ, ಅಂದರೆ ಊಟಕ್ಕೆ ಕರೆಯುತ್ತಿದ್ದರೆ, ಹೀಗೆ ಕೇಳಿ: "ನೀವು ತಿನ್ನದೇ ಇರೋದು ಏನಾದ್ರೂ ಇದ್ರೆ ಹೇಳಿ, ಅದು ಬಿಟ್ಟು ಮಾಡ್ತೀನಿ." ಈರುಳ್ಳಿ ಬೆಳ್ಳುಳ್ಳಿ ತಿನ್ನದ ಜೈನರೂ ಹೇಳುತ್ತಾರೆ, ಹಂದಿ ತಿನ್ನದವರೂ ಹೇಳುತ್ತಾರೆ, ಕಡಲೆಕಾಯಿ ಆಗಿಬರದ ಮಗುವಿನ ತಾಯಿಯೂ ಹೇಳುತ್ತಾಳೆ. ಪ್ರಶ್ನೆಯಲ್ಲಿ ಜಾತಿ ಇಣುಕುವುದಿಲ್ಲ.

ಊಟ ಆಯ್ತಾ?

ಇದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಎಲ್ಲರೂ ಆಡುವ ಮಾತು. ಒಂದು ಸಲಹೆ ಮಾತ್ರ. ಇದೇ ಪ್ರಶ್ನೆ ನಮ್ಮ ಸುತ್ತಲಿನ ಎಲ್ಲ ಭಾಷೆಗಳಲ್ಲೂ ಇದೆ, ಎದುರಿನವರ ಭಾಷೆಯಲ್ಲೇ ಕೇಳಲು ಕಲಿಯಿರಿ. ತುಳುವಿನವರಿಗೆ "ಒಣಸ್ ಆಂಡಾ?" ತಮಿಳಿನವರಿಗೆ "ಸಾಪ್ಟೀಂಗ್ಳಾ?" ಮಲಯಾಳಿಗಳಿಗೆ "ಊಣ್ ಕಳಿಞ್ಞೋ?" ಮರಾಠಿಯವರಿಗೆ "ಜೇವಣ್ ಝಾಲಂ ಕಾ?" ನೇಪಾಳದವರಿಗೆ "ಖಾನಾ ಖಾನುಭಯೋ?" ಉಚ್ಚಾರ ತಪ್ಪಿದರೆ ಅವರೇ ತಿದ್ದುತ್ತಾರೆ, ತಿದ್ದುವಾಗಲೇ ಮಾತು ಬೆಳೆಯುತ್ತದೆ. ಗೇಟಿನಲ್ಲಿ ಹನ್ನೆರಡು ಗಂಟೆ ಡ್ಯೂಟಿ ಮಾಡುವ ಹುಡುಗನಿಗೆ ದಿನವಿಡೀ ಬೀಳುವ ಮಾತು ಗೇಟ್ ತೆಗಿ, ಪಾರ್ಸಲ್ ಬಂತಾ, ಗಾಡಿ ತೆಗೆಸು ಇಷ್ಟೇ. ಅದರ ನಡುವೆ ಅವನ ಅಮ್ಮ ಆಡುವ ಭಾಷೆಯಲ್ಲಿ ಊಟ ಆಯ್ತಾ ಅಂತ ಯಾರಾದರೂ ಕೇಳಿದರೆ ಅವನು ಏನು ಉತ್ತರ ಕೊಡುತ್ತಾನೆ ಅಂತ ನಿಂತು ಕೇಳಿ. ಕೇಳಿ ಓಡಿಹೋಗಬೇಡಿ, ಅಷ್ಟು ಸಾಕು.

ನೀರು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. "ಕುಡಿಯೋಕೆ ಒಂದು ಲೋಟ ನೀರು ಕೊಡ್ತೀರಾ?"

ಯಾಕೆ ದೊಡ್ಡದು ಅಂದರೆ, ಜಾತಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುವುದು ನೀರಿನಲ್ಲಿ. ಕೇರಿಗೊಂದು ಬಾವಿ, ಹಳ್ಳಿಯ ಚಹಾದಂಗಡಿಯಲ್ಲಿ ಬೇರೆ ಲೋಟ, ಮನೆಗೆ ಬಂದವರಿಗೆ ಮೇಲಿಂದ ಕೈಗೆ ಸುರಿಯುವ ನೀರು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಈಗಿನ ಮಹಾರಾಷ್ಟ್ರದ ಮಹಾಡದಲ್ಲಿ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು, ಅವರ ಹಿಂದೆ ಸಾವಿರಾರು ಜನ ಕುಡಿದರು. ಬಾಯಾರಿಕೆಗೆ ಅಲ್ಲ. ಆ ನೀರು ಮುಟ್ಟಬಾರದು ಅಂದಿದ್ದರು, ಅದಕ್ಕೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಆದರೂ ಇವತ್ತಿಗೂ ದಲಿತರ ಮನೆಗೆ ಕೆಲಸದ ಮೇಲೆ ಹೋಗುವ ಎಷ್ಟೋ ಜನ ಜಗುಲಿಯಲ್ಲೇ ನಿಂತು, ಕಾಗದಕ್ಕೆ ಸಹಿ ಹಾಕಿಸಿಕೊಂಡು, "ಇಲ್ಲ, ಈಗ್ತಾನೆ ಕುಡಿದು ಬಂದೆ" ಅಂದು ಹೊರಟುಬಿಡುತ್ತಾರೆ. ಆ ಮನೆಯವರು ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದಾರೆ. ಅದರ ಅರ್ಥ ಅವರಿಗೆ ಗೊತ್ತು.

ಒಮ್ಮೆ ಶಾಲೆ ಬಿಟ್ಟ ಹುಡುಗಿಯೊಬ್ಬಳ ಮನೆಗೆ ಹೋಗಿದ್ದೆ. ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕ ತಗಡಿನ ಶೆಡ್ಡು, ಬೇಸಿಗೆ. ತಾಯಿ ಬಾಗಿಲಲ್ಲೇ ನಿಂತು ನಾನು ಕೇಳಿದ್ದಕ್ಕೆಲ್ಲ ಹೂಂ, ಹೂಂ ಅನ್ನುತ್ತಿದ್ದರು. ಮಾತು ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ನೀರು ಕೇಳಿದೆ. ಅವರು ನನ್ನ ಮುಖ ನೋಡಿದರು. "ನಮ್ಮ ಮನ್ಯಾಗ ಕುಡೀತೀರೇನ್ರಿ ಟೀಚರ್?" ಅಂದರು. "ಯಾಕ ಕುಡಿಯಂಗಿಲ್ಲ, ಬಾಯಿ ಒಣಗೇತ್ರಿ, ಕೊಡ್ರಿ" ಅಂದೆ. ಒಳಗೆ ಹೋಗಿ ಸ್ಟೀಲ್ ಲೋಟವನ್ನು ಎರಡು ಸಲ ತೊಳೆದರು, ಸೆರಗಿನ ತುದಿಯಲ್ಲಿ ಒರೆಸಿದರು, ಮತ್ತೆ ತೊಳೆದರು. ಕೊಡದಿಂದ ಬಗ್ಗಿಸಿ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಲೋಟಕ್ಕೆ ಬಾಯಿ ಹಚ್ಚಿ ಕುಡಿದೆ, ಪೂರ್ತಿ ಕುಡಿದೆ. ಆಮೇಲೆ ಚಾಪೆ ಹಾಸಿದರು. ಚಿಕ್ಕ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಹುಡುಗಿಯನ್ನು ಮನೆಯಲ್ಲಿ ಬಿಟ್ಟಿದ್ದಾರೆ ಅನ್ನುವ ವಿಷಯ ಆ ಚಾಪೆ ಮೇಲೆ ಕೂತ ಮೇಲೆಯೇ ಹೊರಗೆ ಬಂದದ್ದು.

ಇದರಲ್ಲಿ ಪಾಲಿಸಬೇಕಾದ್ದು ಏನು? ನಿಮ್ಮ ಬಾಟಲಿ ಬ್ಯಾಗಿನೊಳಗೆ ಇರಲಿ, ಹೊರಗೆ ತೆಗೆಯಬೇಡಿ. ಕೊಟ್ಟ ನೀರನ್ನು ಒಂದು ಗುಟುಕು ಕುಡಿದು ಪಕ್ಕಕ್ಕೆ ಇಡಬೇಡಿ. ಎತ್ತಿ ಕುಡಿಯುವುದು ನಿಮ್ಮ ಮನೆಯ ಅಭ್ಯಾಸವೇ ಇರಬಹುದು, ಆದರೂ ಇಲ್ಲಿ ಬಾಯಿ ಹಚ್ಚಿ ಕುಡಿಯಿರಿ, ಯಾಕೆಂದರೆ ಅವರು ಅದನ್ನೇ ನೋಡುತ್ತಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ "ನಾನು ಜಾತಿಗೀತಿ ನೋಡಲ್ಲ" ಅನ್ನಬೇಡಿ. ಅಲ್ಲಿವರೆಗೆ ಅವರು ಒಬ್ಬ ತಾಯಿ, ಒಬ್ಬ ತಂದೆ. ಆ ಮಾತು ಆಡಿದ ಕೂಡಲೇ ಜಾತಿ ನಡುವೆ ಬಂದು ಕೂರುತ್ತದೆ, ನೀವು ದೊಡ್ಡ ಮನಸ್ಸು ಮಾಡಿದವರಾಗುತ್ತೀರಿ. ನೀರು ಕುಡಿದು ಲೋಟ ಕೈಗೆ ಕೊಟ್ಟು "ತಣ್ಣಗೆ ಚೆನ್ನಾಗಿದೆ ನೀರು" ಅನ್ನಿ. ಫೋಟೋ ತೆಗೆಯಬೇಡಿ.

ನೀರು ಕೊಡುವವರಾಗಿದ್ದರೂ ನಿಯಮ ಅದೇ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತಿ ಬಂದವರಿಗೆ ಮನೆಯವರೆಲ್ಲ ಕುಡಿಯುವ ಲೋಟದಲ್ಲೇ ಕೊಡಿ. ಕೆಲಸದವರಿಗೆ ಅಂತ ಬೇರೆ ಲೋಟ, ಬೇರೆ ತಟ್ಟೆ ಎಷ್ಟೋ ಓದಿದವರ ಅಡುಗೆ ಮನೆಯಲ್ಲಿ ಇನ್ನೂ ಇದೆ. ಅದನ್ನು ಇವತ್ತೇ ಎತ್ತಿಬಿಡಿ. ಅದು ಆ ಶೆಲ್ಫಿನಲ್ಲಿ ಇರುವವರೆಗೆ ನೀವು ಎಷ್ಟು ಸಿಹಿಯಾಗಿ ಅಕ್ಕ ಅಂದರೂ ಅವರಿಗೆ ಕೇಳಿಸುವುದು ಲೋಟದ ಮಾತೇ.

ಕನ್ನಡ ಬರದವರ ಜೊತೆ

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕನ್ನಡ ತಾಯ್ನುಡಿಯಾಗಿರುವವರು ನೂರಕ್ಕೆ ಸುಮಾರು 66. ಉರ್ದು ಮಾತಾಡುವವರು ಸುಮಾರು 11, ಆಮೇಲೆ ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ ಎಲ್ಲ. ಅಂದರೆ ಮೂರರಲ್ಲಿ ಒಬ್ಬರ ಮನೆಮಾತು ಬೇರೆ, ಮತ್ತು ಅವರಲ್ಲಿ ಬಹಳಷ್ಟು ಜನ ತಲೆತಲಾಂತರದಿಂದ ಇಲ್ಲಿಯವರೇ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಹಾಗಾಗಿ "ನಿಮ್ಮ ಮನೆಯಲ್ಲಿ ಕನ್ನಡ ಇಲ್ವಾ?" ಅಂತ ಅನುಮಾನದಿಂದ ಕೇಳುವುದನ್ನು ಬಿಡಬೇಕು.

ಹೊಸದಾಗಿ ಬಂದವರ ವಿಷಯ ಬೇರೆ. ಅವರು ಕನ್ನಡ ಕಲಿಯಬೇಕು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಕಲಿಯುವ ಅವಕಾಶ ಕೊಡದೆ ಇರುವವರು ನಾವೇ. ಅವರು "ಕನ್ನಡ ಗೊತ್ತಿಲ್ಲ" ಅಂದ ಮರುಕ್ಷಣ ಒಂದೋ ಸಿಟ್ಟು ಮಾಡುತ್ತೇವೆ, ಇಲ್ಲವೇ ನಾವೇ ಹಿಂದಿಗೋ ಇಂಗ್ಲಿಷಿಗೋ ಜಾರುತ್ತೇವೆ. ಎರಡೂ ಬೇಡ. "ಪರವಾಗಿಲ್ಲ, ನಿಧಾನಕ್ಕೆ ಹೇಳ್ತೀನಿ" ಅನ್ನಿ, ಅನ್ನುವಾಗ ಕನ್ನಡದಲ್ಲೇ ಅನ್ನಿ. ಆಮೇಲೆ ಸಣ್ಣ ಸಣ್ಣ ವಾಕ್ಯ, ಕೈ ತೋರಿಸಿಕೊಂಡು. "ಟೊಮ್ಯಾಟೊ ಎಷ್ಟು ಬೇಕು? ಅರ್ಧ ಕೆಜಿ? ಸಾಕಾ? ಇನ್ನೂ ಬೇಕಾ?" ಬೇಕು, ಬೇಡ, ಸಾಕು, ಎಷ್ಟು, ಎಲ್ಲಿ, ಇದೆ, ಇಲ್ಲ, ಸ್ವಲ್ಪ. ಇಷ್ಟು ಪದ ಬಂದರೆ ಒಂದು ದಿನ ಕಳೆಯಬಹುದು, ಇವು ಅಂಗಡಿ ಮುಂದೆ ನಿಂತೇ ಬರುತ್ತವೆ.

ತಿದ್ದುವ ರೀತಿ ಮುಖ್ಯ. ಕಲಿಯುವವರು "ನಾನು ನಾಳೆ ಬರ್ತಾನೆ" ಅಂದರೆ ನಗಬೇಡಿ. ತಡೆದು ವ್ಯಾಕರಣ ಹೇಳಬೇಡಿ. "ಓ, ನಾಳೆ ಬರ್ತೀರಾ? ನಾನೂ ಬರ್ತೀನಿ" ಅನ್ನಿ. ಸರಿಯಾದ ರೂಪ ನಿಮ್ಮ ಉತ್ತರದಲ್ಲೇ ಅವರ ಕಿವಿಗೆ ಬಿದ್ದಿರುತ್ತದೆ. ತರಗತಿಯಲ್ಲಿ ನಾವು ಮಾಡುವುದು ಇದನ್ನೇ. ತಪ್ಪು ಕನ್ನಡಕ್ಕೆ ನಕ್ಕರೆ ಮಗು ಅವತ್ತಿನಿಂದ ಬಾಯಿ ತೆರೆಯುವುದಿಲ್ಲ, ದೊಡ್ಡವರು ಅದಕ್ಕಿಂತ ಬೇಗ ಮುಚ್ಚಿಕೊಳ್ಳುತ್ತಾರೆ. ಮತ್ತೆ ಅವರಿಂದಲೂ ಒಂದು ಪದ ಕೇಳಿ: "ಇದಕ್ಕೆ ನಿಮ್ಮಲ್ಲಿ ಏನಂತಾರೆ?" ಕಲಿಯುವವರು ಅವರೊಬ್ಬರೇ ಆಗಿದ್ದರೆ ಅದು ಪರೀಕ್ಷೆ. ಇಬ್ಬರೂ ಕಲಿಯುತ್ತಿದ್ದರೆ ಹರಟೆ.

ಇದೇ ಜಾಗದಲ್ಲಿ ಇನ್ನೊಂದು ಮಾತು, ಇದು ಕನ್ನಡದವರು ಕನ್ನಡದವರಿಗೆ ಮಾಡುವ ನೋವು. ಕಲಬುರಗಿ, ಯಾದಗಿರಿ ಕಡೆಯ ಮಕ್ಕಳು ಬೆಂಗಳೂರಿನ ಶಾಲೆಯಲ್ಲಿ ಬಾಯಿ ತೆರೆದ ಕೂಡಲೇ ಉಳಿದವರು ನಗುತ್ತಾರೆ. "ನಿಮ್ದು ಯಾವ ಕನ್ನಡ?" ಅಂತ ದೊಡ್ಡವರೇ ಕೇಳುತ್ತಾರೆ. ಆ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು, ನಮ್ಮ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, 1956ರ ನವೆಂಬರ್ 1ರಂದು ಎಲ್ಲ ಸೇರಿ ಒಂದು ರಾಜ್ಯ ಆಯಿತು. ಅಲ್ಲಿ ಉರ್ದು ಪದ, ಇಲ್ಲಿ ಮರಾಠಿ ಪದ ಸೇರಿರುವುದಕ್ಕೆ ಇದೂ ಒಂದು ಕಾರಣ. ಅವರ ಮಾತು ಅರ್ಥ ಆಗದಿದ್ದರೆ "ಇನ್ನೊಮ್ಮೆ ಹೇಳಿ" ಅನ್ನಿ. ಅವರ ದನಿಯನ್ನು ಅಣಕಿಸಿ ಉತ್ತರ ಕೊಡಬೇಡಿ, ಪ್ರೀತಿಯಿಂದಲೂ ಬೇಡ.

ಹಬ್ಬ

ಅವರವರ ನಮಸ್ಕಾರವನ್ನು ಅವರ ರೀತಿಯಲ್ಲೇ ತೆಗೆದುಕೊಳ್ಳಿ. ಯಾರಾದರೂ "ಶರಣು ಶರಣಾರ್ಥಿ" ಅಂದರೆ "ಶರಣು ಶರಣಾರ್ಥಿ", "ಜೈ ಜಿನೇಂದ್ರ" ಅಂದರೆ "ಜೈ ಜಿನೇಂದ್ರ", "ಜೈ ಭೀಮ್" ಅಂದರೆ "ಜೈ ಭೀಮ್". ಕೊನೆಯದಕ್ಕೆ ಮಾತ್ರ ಕೆಲವರು ಸುಮ್ನೆ ತಲೆ ಅಲ್ಲಾಡಿಸಿ ಬಿಡುತ್ತಾರೆ. ಹಾಗೆ ಮಾಡಬೇಡಿ.

ಎಲ್ಲ ಹಬ್ಬಕ್ಕೂ ಶುಭಾಶಯ ಹೇಳುವುದಲ್ಲ. ಮೊಹರಂ ಮತ್ತು ಗುಡ್ ಫ್ರೈಡೇ ಎರಡೂ ಸಾವನ್ನು ನೆನೆಯುವ ದಿನ, ಅವತ್ತು ಹ್ಯಾಪಿ ಅಂತ ಮೆಸೇಜು ಕಳಿಸಬೇಡಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಅಲಾಯಿ ದೇವರ ಮುಂದೆ ಸೇರುತ್ತಾರೆ, ಹರಕೆ ಹೊರುತ್ತಾರೆ. ಅಲ್ಲಿ ಕೇಳುವ ಮಾತು "ನಿಮ್ಮೂರಾಗ ಅಲಾಯಿ ಹೆಂಗಾತು?" ಇದನ್ನು ಯಾರು ಯಾರಿಗೆ ಬೇಕಾದರೂ ಕೇಳಬಹುದು. ರಂಜಾನ್ ತಿಂಗಳಲ್ಲಿ "ಅಯ್ಯೋ, ನೀರೂ ಕುಡಿಯಲ್ವಾ?" ಅನ್ನುವ ಬದಲು "ರೋಜಾ ಹೇಗೆ ನಡೀತಿದೆ? ಇವತ್ತು ಎಷ್ಟೊತ್ತಿಗೆ ಬಿಡ್ತೀರಾ?" ಅಂತ ಕೇಳಿ. ಈದ್ ದಿನ "ಬಿರಿಯಾನಿ ಎಲ್ಲಿ?" ಅಂತ ಆಫೀಸಿನವರೆಲ್ಲ ಕೇಳುತ್ತಾರಲ್ಲ, ಇಡೀ ವರ್ಷದಲ್ಲಿ ನೀವು ಅವರ ಜೊತೆ ಆಡುವ ಒಂದೇ ಮಾತು ಅದಾಗಿದ್ದರೆ ಅದನ್ನು ಬಿಟ್ಟುಬಿಡಿ. "ಊರಿಗೆ ಹೋಗಿದ್ರಾ? ಮನೆಯವರೆಲ್ಲ ಸೇರಿದ್ರಾ?" ಅಂತ ಕೇಳಿ. ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ತಾನಾಗೇ ಬರುತ್ತದೆ.

ಸಾವಿನ ಮನೆ

ಬೇರೆ ಧರ್ಮದವರ ಮನೆಯಲ್ಲಿ ಸಾವಾದಾಗ, ಏನು ಮಾಡಬೇಕು ಅಂತ ಗೊತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಹಳ ಜನ ಹೋಗುವುದೇ ಇಲ್ಲ. ಹೋಗಿ. ಮುಸ್ಲಿಮರಲ್ಲಿ ಆದಷ್ಟು ಬೇಗ ಮಣ್ಣು ಮಾಡುತ್ತಾರೆ, ಆದ್ದರಿಂದ ಸುದ್ದಿ ಬಂದ ಕೂಡಲೇ ಹೊರಡಿ, ಸಂಜೆ ಆಫೀಸು ಮುಗಿಸಿ ಹೋಗೋಣ ಅಂತ ಕಾಯಬೇಡಿ. ಕ್ರೈಸ್ತರ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದರೆ ಮುಗಿಯುವವರೆಗೆ ಹಿಂದೆ ನಿಂತಿರಿ. ಲಿಂಗಾಯತರಲ್ಲಿ ಲಿಂಗೈಕ್ಯರಾದರು ಅನ್ನುತ್ತಾರೆ, ಕೂರಿಸಿ ಸಮಾಧಿ ಮಾಡುತ್ತಾರೆ. ಯಾವ ಪದ ಬಳಸಬೇಕು ಅಂತ ತಿಳಿಯದಿದ್ದರೆ ತೀರಿಕೊಂಡರು ಅನ್ನಿ, ಎಲ್ಲರಿಗೂ ಹೊಂದುತ್ತದೆ.

ಸಮಾಧಾನದ ಮಾತು ಹುಡುಕುತ್ತಾ ಕೂರಬೇಡಿ. ಹೋದವರ ಬಗ್ಗೆ ನಿಮಗೆ ಗೊತ್ತಿರುವ ಒಂದು ವಿಷಯ ಹೇಳಿ: "ನಿಮ್ಮಪ್ಪ ದಿನಾ ಬೆಳಿಗ್ಗೆ ನಮ್ಮ ಮಗಳಿಗೆ ಗೇಟಲ್ಲಿ ಟಾಟಾ ಮಾಡ್ತಿದ್ರು." ಅವರಿಗೆ ಗೊತ್ತಿಲ್ಲದ ಒಂದು ಚೂರು ಅಪ್ಪನನ್ನು ಅವರಿಗೆ ಕೊಟ್ಟಂತಾಯಿತು. ಆಮೇಲೆ, "ಏನಾದ್ರೂ ಬೇಕಿದ್ರೆ ಹೇಳಿ" ಅನ್ನಬೇಡಿ, ಆ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ. "ರಾತ್ರಿ ಊಟ ನಮ್ಮನೆಯಿಂದ ಬರುತ್ತೆ, ಹತ್ತು ಜನಕ್ಕೆ ಸಾಕಾ?" ಅನ್ನಿ. ಸಾವಿನ ಮನೆಯಲ್ಲಿ ಒಲೆ ಹಚ್ಚದೆ ಅಕ್ಕಪಕ್ಕದವರು ಊಟ ಕಳಿಸುವ ರೂಢಿ ಹಿಂದೂಗಳಲ್ಲೂ ಇದೆ, ಮುಸ್ಲಿಮರಲ್ಲೂ ಇದೆ. ಬೇರೆ ಊರಿನಿಂದ ಬಂದವರಿಗೆ ಒಂದು ವಿಷಯ ಹೇಳಿಕೊಡಿ: ಬೇರೆ ದಿನ ಮನೆಯಿಂದ ಹೊರಡುವಾಗ ನಾವು ಹೋಗ್ತೀನಿ ಅನ್ನದೆ ಬರ್ತೀನಿ ಅನ್ನುತ್ತೇವೆ, ಸಾವಿನ ಮನೆಯಲ್ಲಿ ಮಾತ್ರ ಬರ್ತೀನಿ ಅನ್ನುವುದಿಲ್ಲ. ಏನೂ ಹೇಳದೆ ಎದ್ದು ಬರುತ್ತೇವೆ.

ಮುರಿದದ್ದನ್ನು ಕೂಡಿಸುವಾಗ

ಇಷ್ಟೆಲ್ಲ ಮಾಡಿದರೂ ಒಂದು ದಿನ ಮಾತು ಜಾರುತ್ತದೆ. "ನಿಮ್ಮ ಜನ ಎಲ್ಲ ಹೀಗೇ" ಅನ್ನುವಂಥದ್ದು ಬಾಯಿಂದ ಬರುತ್ತದೆ, ಎದುರಿನವರ ಮುಖ ಇಳಿಯುತ್ತದೆ. ಆಗ "ನಿಮಗೆ ಬೇಜಾರಾಗಿದ್ರೆ ಸಾರಿ" ಅಂದರೆ ತಪ್ಪು ಅವರ ಬೇಜಾರಿನದ್ದು ಅಂದ ಹಾಗಾಗುತ್ತದೆ. "ನಾನು ಹಾಗೆ ಅನ್ನಬಾರದಿತ್ತು, ತಪ್ಪಾಯ್ತು" ಅನ್ನಿ, ಅಲ್ಲಿಗೆ ನಿಲ್ಲಿಸಿ. ನನ್ನ ಸ್ನೇಹಿತರಲ್ಲೂ ನಿಮ್ಮವರು ಬಹಳ ಜನ ಇದ್ದಾರೆ ಅಂತ ಲೆಕ್ಕ ಕೊಡಬೇಡಿ.

ಹಳೇ ಜಗಳ ಇದ್ದು ನೇರವಾಗಿ ಹೋಗಲು ಮುಜುಗರ ಆದರೆ ನಮ್ಮ ಹಬ್ಬಗಳಲ್ಲೇ ಅದಕ್ಕೆ ದಾರಿ ಇದೆ. ಜೈನರು ವರ್ಷಕ್ಕೊಮ್ಮೆ ಗುರುತಿನವರಿಗೆಲ್ಲ ಕ್ಷಮೆ ಕೇಳುವ ದಿನ ಇಟ್ಟುಕೊಂಡಿದ್ದಾರೆ. ಉತ್ತರ ಕರ್ನಾಟಕದಲ್ಲಿ ವಿಜಯದಶಮಿ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವೆ. ಮೈಸೂರು ಕಡೆ ಸಂಕ್ರಾಂತಿಗೆ ಎಳ್ಳು ಬೀರುತ್ತಾ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನುತ್ತಾರೆ. ಈ ಮಾತು ಇಬ್ಬರಲ್ಲಿ ಯಾರು ಸರಿ ಅಂತ ಕೇಳುವುದಿಲ್ಲ, ಅದೇ ಇದರ ಒಳ್ಳೆಯ ಗುಣ. ನಿಮ್ಮ ಜಾತಿಯವರ ಮನೆಗಳಿಗೆ, ನೆಂಟರ ಮನೆಗಳಿಗೆ ಮಾತ್ರ ಹೋಗಬೇಡಿ, ಇಡೀ ಬೀದಿಗೆ ಹೋಗಿ.

ಬೆಂಗಳೂರಿನಲ್ಲೂ ದಸರಾ ಹೊತ್ತಿಗೆ ಹೂವಿನ ಅಂಗಡಿಗಳಲ್ಲಿ ಬನ್ನಿ ಸೊಪ್ಪು ಸಿಗುತ್ತದೆ. ಮಾತು ಬಿಟ್ಟವರ ಮನೆಗೆ ನಾಲ್ಕು ಎಲೆ ತೆಗೆದುಕೊಂಡು ಹೋಗಿ. ನೀವು ಚಿಕ್ಕವರಾದರೆ ಕಾಲಿಗೆ ನಮಸ್ಕಾರ ಮಾಡಿ, ಬೇರೆ ಧರ್ಮದವರಾದರೆ ಎಲೆ ಕೈಗೆ ಕೊಟ್ಟು ಇದು ನಮ್ಮ ಕಡೆಯ ಪದ್ಧತಿ ಅಂತ ಎರಡು ಮಾತಲ್ಲಿ ಹೇಳಿ. ಹಳೆಯ ವಿಷಯ ಎತ್ತಬೇಡಿ, ಅವರು ಎತ್ತಿದರೆ ಕೇಳಿಸಿಕೊಳ್ಳಿ. ಒಳಗೆ ಕರೆದರೆ ಹೋಗಿ ಕೂತು ನೀರು ಕೇಳಿ. ಕರೆಯದಿದ್ದರೂ ಪರವಾಗಿಲ್ಲ, ಎಳ್ಳು ಬೆಲ್ಲ ತಗೊಂಡು ಇನ್ನೊಮ್ಮೆ ಹೋಗಲಿಕ್ಕೆ ಸಂಕ್ರಾಂತಿ ಮೂರು ತಿಂಗಳಲ್ಲೇ ಇರುತ್ತದೆ.